ಥೇಮ್ಸ್ ದಂಡೆ ಕಟ್ಟಿದ ದರ್ಜಿಯ ಮೊಮ್ಮಗ

ಲಂಡನ್‌ನಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಹೋದ ನಮ್ಮವರು ನೋಡಿಬರುವ ಜಾಗಗಳಲ್ಲಿ ಥೇಮ್ಸ್ ನದಿ ದಂಡೆಯ ಬಸವೇಶ್ವರ ಪ್ರತಿಮೆಯೂ ಒಂದು. ಕಲಬುರಗಿ ಮೂಲದವರೂ ಲ್ಯಾಂಬೆತ್‌ನ ಮಾಜಿ ಮೇಯರ್ ಆಗಿದ್ದವರೂ ಆದ ಡಾ. ನೀರಜ್ ಪಾಟೀಲ್ ಅವರ ಪ್ರಯತ್ನದಿಂದ ನಿಂತ ಈ ಪ್ರತಿಮೆಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದ್ದರು. ಪ್ರತಿಮೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವ ಬಹಳಷ್ಟು ಮಂದಿಗೆ ಕಾಲಡಿಯ ನೆಲದ ಕಥೆ ಗೊತ್ತಿರುವುದಿಲ್ಲ. ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಎಂಬ ಆ ಗಟ್ಟಿ ಕಲ್ಲಿನ ದಂಡೆ ಅಲ್ಲಿ ಮೊದಲಿನಿಂದ ಇದ್ದದ್ದಲ್ಲ. 1866ರಿಂದ 1869ರ ನಡುವೆ ನದಿಯ ಕೆಸರಿನ ಅಂಚನ್ನು ಹಿಂದೆ ಸರಿಸಿ ಕಟ್ಟಿದ್ದು. ಕಟ್ಟಿಸಿದ ಎಂಜಿನಿಯರ್ ಜೋಸೆಫ್ ಬ್ಯಾಝಲ್‌ಗೆಟ್.

ಲಂಡನ್‌ನಲ್ಲಿ ಅರಮನೆ ಕಟ್ಟಿದವರ ಹೆಸರು, ಯುದ್ಧ ಗೆದ್ದವರ ಹೆಸರು ಎಲ್ಲೆಲ್ಲೂ ಇದೆ. ಆ ಊರಿನ ಜನ ಕಾಲರಾದಿಂದ ಸಾಯದಂತೆ ಮಾಡಿದವರಲ್ಲಿ ಬ್ಯಾಝಲ್‌ಗೆಟ್ ಮೊದಲ ಸಾಲಿನವರು. ಅವರ ದೊಡ್ಡ ಕೆಲಸವೆಲ್ಲ ನೆಲದಡಿ ಇರುವುದರಿಂದ ನೋಡಿದವರು ಕಡಿಮೆ.

ವಲಸೆ ಬಂದವರ ಮನೆತನ

ಬ್ಯಾಝಲ್‌ಗೆಟ್ ಎಂಬುದು ಇಂಗ್ಲಿಷ್ ಹೆಸರಲ್ಲ. ಅವರ ಅಜ್ಜ 18ನೇ ಶತಮಾನದಲ್ಲಿ ಫ್ರಾನ್ಸ್‌ನಿಂದ ಹೊಟ್ಟೆಪಾಡಿಗೆ ಲಂಡನ್‌ಗೆ ಬಂದ ದರ್ಜಿ. ಕೈಚಳಕದಿಂದಲೇ ಮೇಲೆ ಬಂದು, ಮುಂದೆ ನಾಲ್ಕನೇ ಜಾರ್ಜ್ ದೊರೆಯಾದ ಯುವರಾಜನಿಗೆ ಬಟ್ಟೆ ಹೊಲಿಯುವ ಮಟ್ಟಕ್ಕೆ ಏರಿದರು. ಅವರ ಮಗ ಬ್ರಿಟಿಷ್ ನೌಕಾಪಡೆ ಸೇರಿದರು. ಮೊಮ್ಮಗ ಜೋಸೆಫ್ ಹುಟ್ಟಿದ್ದು 1819ರ ಮಾರ್ಚ್ 28ರಂದು, ಲಂಡನ್‌ನ ಉತ್ತರಕ್ಕಿರುವ ಎನ್‌ಫೀಲ್ಡ್‌ನಲ್ಲಿ. ಪರದೇಶಕ್ಕೆ ಬಂದ ಕುಟುಂಬದ ಮೂರನೇ ತಲೆಮಾರು ಆ ದೇಶದ ರಾಜಧಾನಿಯನ್ನೇ ತಿದ್ದಿ ಕಟ್ಟಿದ ಕಥೆ ಇದು.

ಹದಿಹರೆಯದಲ್ಲೇ ಜೋಸೆಫ್ ಸರ್ ಜಾನ್ ಮ್ಯಾಕ್‌ನೀಲ್ ಎಂಬ ಎಂಜಿನಿಯರ್ ಬಳಿ ಕೆಲಸ ಕಲಿಯಲು ಸೇರಿದರು. ಐರ್ಲೆಂಡ್‌ನಲ್ಲಿ ಜೌಗು ನೆಲದ ನೀರು ಬಸಿದು ಹೊಲ ಮಾಡುವ ಕಾಮಗಾರಿಗಳಲ್ಲಿ ಪಳಗಿದರು. ನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ, ಎಷ್ಟು ಇಳಿಜಾರು ಕೊಟ್ಟರೆ ಸಾಕು ಎಂಬ ಪಾಠ ಅಲ್ಲೇ ಆಯಿತು. 1842ರಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಸ್ವಂತ ಕಚೇರಿ ತೆರೆದರು. ಅದು ಬ್ರಿಟನ್‌ನಲ್ಲಿ ರೈಲು ಮಾರ್ಗಗಳ ಹುಚ್ಚು ಹಿಡಿದಿದ್ದ ಕಾಲ. ಹಗಲು ರಾತ್ರಿ ನಕ್ಷೆ, ಸರ್ವೆ ಎಂದು ದುಡಿದರು. 1847ರಲ್ಲಿ ದೇಹ, ಮನಸ್ಸು ಎರಡೂ ಕೈಕೊಟ್ಟವು. ಕೆಲಸ ಬಿಟ್ಟು ಹಳ್ಳಿಗಾಡಿಗೆ ಹೋಗಿ ಚೇತರಿಸಿಕೊಳ್ಳಬೇಕಾಯಿತು. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಮದುವೆಯಾಗಿ ಎರಡು ವರ್ಷವಾಗಿತ್ತು.

1849ರಲ್ಲಿ ಮರಳಿ ಬಂದು ಸೇರಿಕೊಂಡದ್ದು ಲಂಡನ್‌ನ ಚರಂಡಿಗಳನ್ನು ನೋಡಿಕೊಳ್ಳುತ್ತಿದ್ದ ಆಯೋಗಕ್ಕೆ, ಸಹಾಯಕ ಸರ್ವೇಯರ್ ಆಗಿ. ಮೂರು ವರ್ಷಕ್ಕೆ ಅಲ್ಲಿನ ಮುಖ್ಯ ಎಂಜಿನಿಯರ್ ಫ್ರಾಂಕ್ ಫಾಸ್ಟರ್ ತೀರಿಕೊಂಡರು. ಆ ಕುರ್ಚಿಗೆ ಬಂದವರು ಬ್ಯಾಝಲ್‌ಗೆಟ್.

ಊರು ಬೆಳೆಯಿತು, ಚರಂಡಿ ಬೆಳೆಯಲಿಲ್ಲ

1801ರಲ್ಲಿ ಸುಮಾರು 10 ಲಕ್ಷವಿದ್ದ ಲಂಡನ್ ಜನಸಂಖ್ಯೆ 1851ರ ಹೊತ್ತಿಗೆ 23 ಲಕ್ಷ ದಾಟಿತ್ತು. ಮೊದಲು ಮನೆಮನೆಗೆ ಮಲಗುಂಡಿಗಳಿದ್ದವು. ರಾತ್ರಿ ಹೊತ್ತು ಬಂದು ಅದನ್ನು ಬಳಿದು, ಗಾಡಿಯಲ್ಲಿ ತುಂಬಿ, ಊರಾಚೆಯ ಹೊಲಗಳಿಗೆ ಗೊಬ್ಬರವಾಗಿ ಸಾಗಿಸುವ ಕೆಲಸಗಾರರಿದ್ದರು. ಊರು ಬೆಳೆದಂತೆ ಹೊಲ ದೂರವಾಯಿತು, ಗಾಡಿ ಬಾಡಿಗೆ ಏರಿತು. ಅದೇ ವೇಳೆಗೆ ನೀರು ಹಾಕಿ ತೊಳೆಯುವ ಪಾಯಿಖಾನೆ ಬಂತು. ಅದರ ನೀರೆಲ್ಲ ಗುಂಡಿ ತುಂಬಿ ಹೊರಕ್ಕೆ ಉಕ್ಕತೊಡಗಿತು. ಮಳೆನೀರಿಗೆಂದು ಕಟ್ಟಿದ್ದ ಚರಂಡಿಗಳಿಗೆ ಮನೆಗಳ ಕೊಳಚೆಯನ್ನು ಜೋಡಿಸಿದರು. ಆ ಚರಂಡಿಗಳೆಲ್ಲ ಸೇರುತ್ತಿದ್ದುದು ಊರ ನಡುವೆ ಹರಿಯುವ ಥೇಮ್ಸ್‌ಗೆ. ಎಷ್ಟೋ ಮನೆಗಳಿಗೆ ಕುಡಿಯುವ ನೀರು ಬರುತ್ತಿದ್ದುದೂ ಅದೇ ಥೇಮ್ಸ್‌ನಿಂದ.

ಫಲ ಕಾಲರಾ. 1848–49ರಲ್ಲಿ ಲಂಡನ್‌ನಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಸತ್ತರು. 1853–54ರಲ್ಲಿ ಮತ್ತೆ 10 ಸಾವಿರ ದಾಟಿತು. ಕೆಟ್ಟ ವಾಸನೆಯ ಗಾಳಿಯಿಂದ ರೋಗ ಬರುತ್ತದೆ ಎಂದು ಅಂದಿನ ಬಹುತೇಕ ವೈದ್ಯರು, ಅಧಿಕಾರಿಗಳು ನಂಬಿದ್ದರು. ಸೋಹೊ ಬಡಾವಣೆಯ ಒಂದು ಬೋರ್‌ಪಂಪಿನ ಸುತ್ತಲೇ ಸಾವುಗಳು ಹೆಚ್ಚಿರುವುದನ್ನು 1854ರಲ್ಲಿ ಲೆಕ್ಕ ಹಾಕಿ ತೋರಿಸಿ, ರೋಗ ಹರಡುವುದು ನೀರಿನಿಂದ ಎಂದವರು ಡಾ. ಜಾನ್ ಸ್ನೋ. ಪಂಪಿನ ಹಿಡಿಯನ್ನು ಬಿಚ್ಚಿಸಿದರೂ ಅವರ ಮಾತನ್ನು ಒಪ್ಪಿದವರು ಕೆಲವರೇ.

1856ರಲ್ಲಿ ಹೊಸದಾಗಿ ರಚನೆಯಾದ ಮೆಟ್ರೊಪಾಲಿಟನ್ ಬೋರ್ಡ್ ಆಫ್ ವರ್ಕ್ಸ್‌ಗೆ ಬ್ಯಾಝಲ್‌ಗೆಟ್ ಮುಖ್ಯ ಎಂಜಿನಿಯರ್ ಆದರು. ಕೊಳಚೆ ನದಿಗೆ ಬೀಳುವ ಮೊದಲೇ ಅದನ್ನು ಅಡ್ಡಗಟ್ಟಿ, ನದಿಗೆ ಸಮಾನಾಂತರವಾಗಿ ಹರಿಯುವ ದೊಡ್ಡ ಕಾಲುವೆಗಳಿಗೆ ತಿರುಗಿಸಿ, ಊರಿನ ಪೂರ್ವಕ್ಕೆ ಬಹುದೂರ ಒಯ್ದು ಬಿಡುವ ಯೋಜನೆ ಮುಂದಿಟ್ಟರು. ಸರ್ಕಾರ ಅದನ್ನು ಹಿಂದಕ್ಕೆ ಕಳಿಸಿತು. ಎಲ್ಲಿ ಬಿಡಬೇಕು, ಹಣ ಕೊಡುವವರು ಯಾರು ಎಂಬ ವಾದದಲ್ಲೇ ಎರಡು ವರ್ಷ ಕಳೆಯಿತು.

ವಾದವನ್ನು ಮುಗಿಸಿದ್ದು 1858ರ ಬೇಸಿಗೆ. ಬಿಸಿಲಿಗೆ ನದಿಯ ನೀರು ಇಳಿದು, ದಡದ ಹೊಲಸು ಕೊಳೆತು ನಾರತೊಡಗಿತು. ನದಿಯ ಅಂಚಿನಲ್ಲೇ ಇರುವ ಸಂಸತ್ ಭವನದ ಕಿಟಕಿ ಪರದೆಗಳನ್ನು ಬ್ಲೀಚಿಂಗ್ ಪುಡಿಯ ದ್ರಾವಣದಲ್ಲಿ ಅದ್ದಿ ತೂಗುಹಾಕಿದರೂ ಸದಸ್ಯರಿಗೆ ಕೂರಲಾಗಲಿಲ್ಲ. ಬಡವರ ಕೇರಿಗಳಲ್ಲಿ ಹತ್ತು ಸಾವಿರ ಜನ ಸತ್ತಾಗ ಅಲುಗದ ಕಡತ, ವಾಸನೆ ಸಂಸತ್ತಿನ ಒಳಗೆ ಬಂದಾಗ ಓಡಿತು. ಹಣಕಾಸು ಸಚಿವ ಬೆಂಜಮಿನ್ ಡಿಸ್ರೇಲಿ ಜುಲೈ ಮಧ್ಯದಲ್ಲಿ ಮಂಡಿಸಿದ ಮಸೂದೆ ಆಗಸ್ಟ್ 2ಕ್ಕೆ ಕಾಯ್ದೆಯಾಯಿತು. 30 ಲಕ್ಷ ಪೌಂಡ್ ಸಾಲ ಎತ್ತಲು ಒಪ್ಪಿಗೆ ಸಿಕ್ಕಿತು. ಜಾನ್ ಸ್ನೋ ಇದನ್ನು ನೋಡಲಿಲ್ಲ. ಅದೇ ಜೂನ್‌ನಲ್ಲಿ ಅವರು ತೀರಿಕೊಂಡಿದ್ದರು.

31.8 ಕೋಟಿ ಇಟ್ಟಿಗೆ

1859ರಲ್ಲಿ ಕಾಮಗಾರಿ ಶುರುವಾಯಿತು. 82 ಮೈಲಿ ಉದ್ದದ ಮುಖ್ಯ ಒಳಚರಂಡಿ, ಅದಕ್ಕೆ ಕೂಡುವ 1,100 ಮೈಲಿ ಬೀದಿ ಚರಂಡಿ. ಬಳಸಿದ ಇಟ್ಟಿಗೆ 31.8 ಕೋಟಿ. ಇಟ್ಟಿಗೆಯ ಬೆಲೆ ಏರಿತು, ಗಾರೆ ಕೆಲಸದವರ ಕೂಲಿಯೂ ಏರಿತು. ಬೀದಿಗಳನ್ನು ಅಗೆದು, ಮನೆಗಳ ಪಾಯ ಕುಸಿಯದಂತೆ ಮರದ ಆಸರೆ ಕೊಟ್ಟು, ಮೇಲೆ ಕುದುರೆಗಾಡಿಗಳ ಓಡಾಟ ನಿಲ್ಲದಂತೆ ಕೆಳಗೆ ಕಮಾನು ಕಟ್ಟಬೇಕಿತ್ತು.

ಯೋಜನೆಯ ಜೀವಾಳ ಇಳಿಜಾರು. ಮುಖ್ಯ ಚರಂಡಿಗಳಿಗೆ ಒಂದು ಮೈಲಿಗೆ ಸುಮಾರು 2 ಅಡಿಯಂತೆ ಇಳಿತ ಕೊಟ್ಟು, ಕೊಳಚೆ ತನ್ನಷ್ಟಕ್ಕೆ ಪೂರ್ವಕ್ಕೆ ಹರಿಯುವಂತೆ ಮಾಡಿದರು. ತಗ್ಗು ಪ್ರದೇಶದ ನೀರನ್ನು ಮೇಲೆತ್ತಲು ಡೆಪ್ಟ್‌ಫರ್ಡ್, ಕ್ರಾಸ್‌ನೆಸ್, ಆಬಿ ಮಿಲ್ಸ್, ಚೆಲ್ಸೀಗಳಲ್ಲಿ ಉಗಿಯಂತ್ರದ ಪಂಪ್‌ಹೌಸ್‌ಗಳು ಬಂದವು. ನದಿಯ ಉತ್ತರ ದಡದ ಕೊಳಚೆ ಬೆಕ್ಟನ್‌ಗೆ, ದಕ್ಷಿಣದ್ದು ಕ್ರಾಸ್‌ನೆಸ್‌ಗೆ. ಅಲ್ಲಿ ಕೂಡಿಟ್ಟು, ಸಮುದ್ರದ ಇಳಿತದ ಹೊತ್ತು ನೋಡಿ ಬಿಡುತ್ತಿದ್ದರು. ನದಿ ಅದನ್ನು ಸಮುದ್ರದತ್ತ ಎಳೆದೊಯ್ಯುತ್ತಿತ್ತು.

ಬ್ಯಾಝಲ್‌ಗೆಟ್ ತೆಗೆದುಕೊಂಡ ಇನ್ನೊಂದು ದಿಟ್ಟ ನಿರ್ಧಾರ ಪೋರ್ಟ್‌ಲ್ಯಾಂಡ್ ಸಿಮೆಂಟ್‌ನದು. ಇಷ್ಟು ದೊಡ್ಡ ಸರ್ಕಾರಿ ಕಾಮಗಾರಿಗೆ ಅದನ್ನು ನೆಚ್ಚಿಕೊಳ್ಳಲು ಆಗ ಹಿಂಜರಿಕೆ ಇತ್ತು. ನೀರಿನಲ್ಲಿದ್ದಷ್ಟೂ ಗಟ್ಟಿಯಾಗುವ ಗುಣ ಅದಕ್ಕಿತ್ತು. ಆದರೆ ಸುಡುವುದರಲ್ಲಿ ಸ್ವಲ್ಪ ಹೆಚ್ಚುಕಡಿಮೆಯಾದರೂ ಕೈಕೊಡುತ್ತಿತ್ತು. ಕಾಮಗಾರಿಗೆ ಬಂದ ಸಿಮೆಂಟನ್ನು ಎಳೆದು, ಒಡೆದು ಪರೀಕ್ಷಿಸಿದ ಮೇಲೆಯೇ ಬಳಸಬೇಕೆಂದು ಅವರು ಕಟ್ಟುನಿಟ್ಟು ಮಾಡಿದರು. ಗುತ್ತಿಗೆದಾರರು ಗೊಣಗಿದರೂ ಬಿಡಲಿಲ್ಲ. ಆ ಸುರಂಗಗಳು ಇಂದಿಗೂ ಕೆಲಸ ಮಾಡುತ್ತಿರುವುದರ ಹಿಂದೆ ಈ ಹಟವಿದೆ.

1865ರ ಏಪ್ರಿಲ್ 4ರಂದು ಕ್ರಾಸ್‌ನೆಸ್ ಪಂಪ್‌ಹೌಸನ್ನು ವೇಲ್ಸ್ ಯುವರಾಜ ಎಡ್ವರ್ಡ್ ಉದ್ಘಾಟಿಸಿದರು. ಅಜ್ಜ ಒಬ್ಬ ಯುವರಾಜನ ಅಳತೆ ತೆಗೆದು ಬಟ್ಟೆ ಹೊಲಿದಿದ್ದರು. ಮೊಮ್ಮಗ ಇನ್ನೊಬ್ಬ ಯುವರಾಜನಿಗೆ ಊರಿನ ಕೊಳಚೆ ಎತ್ತುವ ಯಂತ್ರ ತೋರಿಸಿದರು.

ಸಂಪರ್ಕ ಸಿಗದ ಕೇರಿಗಳು

ಮರುವರ್ಷವೇ, 1866ರಲ್ಲಿ, ಕಾಲರಾ ಮತ್ತೆ ಬಂತು. ಈ ಬಾರಿ ಅದು ಎರಗಿದ್ದು ಪೂರ್ವ ಲಂಡನ್‌ನ ಮೇಲೆ. ಅಲ್ಲಿ 5,500ಕ್ಕೂ ಹೆಚ್ಚು ಜನ ಸತ್ತರು. ಲಂಡನ್‌ನ ಹೆಚ್ಚಿನ ಭಾಗಕ್ಕೆ ಹೊಸ ಒಳಚರಂಡಿ ಸಿಕ್ಕಿತ್ತು. ಹಡಗುಕಟ್ಟೆಯ ಕೂಲಿಗಳು, ಬಡವರು ಇದ್ದ ಆ ಭಾಗಕ್ಕೆ ಮಾತ್ರ ಇನ್ನೂ ಸಿಕ್ಕಿರಲಿಲ್ಲ. ಆಬಿ ಮಿಲ್ಸ್ ಪಂಪ್‌ಹೌಸ್ ಮುಗಿಯಲು ಇನ್ನೂ ಎರಡು ವರ್ಷವಿತ್ತು. ಕುಡಿಯುವ ನೀರಿಗೆ ಕೊಳಚೆ ಸೇರಿದ್ದು ಪತ್ತೆಯಾಯಿತು. ಸ್ನೋ ಹೇಳಿದ್ದೇ ನಿಜ ಎಂದು ಒಪ್ಪಿಕೊಳ್ಳಲು ಆ ಸಾವುಗಳು ಬೇಕಾದವು. ವಾಸನೆ ಓಡಿಸಲೆಂದು ಹಣ ಸುರಿದ ಯೋಜನೆ ನೀರನ್ನು ಶುದ್ಧ ಮಾಡಿ ಜೀವ ಉಳಿಸಿತು. 1866ರ ನಂತರ ಲಂಡನ್‌ನಲ್ಲಿ ಕಾಲರಾ ಮತ್ತೆ ಊರನ್ನು ಆವರಿಸಲಿಲ್ಲ.

ನಮ್ಮಲ್ಲೂ ಅಷ್ಟೇ. 1898ರಲ್ಲಿ ಪ್ಲೇಗ್ ಮನೆಮನೆಯನ್ನು ಬರಿದು ಮಾಡಿದ ನಂತರವೇ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರದಂಥ ಗಾಳಿ ಬೆಳಕಿನ ಬಡಾವಣೆಗಳು ಬೆಳೆದವು.

ದಂಡೆ, ಸೇತುವೆ, ರಸ್ತೆ

ಉತ್ತರ ದಡದಲ್ಲಿ ತಗ್ಗಿನ ಮುಖ್ಯ ಚರಂಡಿ ಹಾಕಲು ಜಾಗವಿರಲಿಲ್ಲ. ಜನನಿಬಿಡ ಸ್ಟ್ರ್ಯಾಂಡ್ ರಸ್ತೆಯನ್ನು ಅಗೆಯುವ ಬದಲು ನದಿಯಿಂದಲೇ ನೆಲ ಪಡೆದರು. 1870ರಲ್ಲಿ ತೆರೆದ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್‌ನ ಹೊಟ್ಟೆಯೊಳಗೆ ಒಳಚರಂಡಿ ಇದೆ, ನೆಲದಡಿ ರೈಲು ಇದೆ, ಮೇಲೆ ರಸ್ತೆ ಮತ್ತು ಉದ್ಯಾನವಿದೆ. ವೆಸ್ಟ್‌ಮಿನ್‌ಸ್ಟರ್‌ನಿಂದ ಬ್ಲ್ಯಾಕ್‌ಫ್ರೈಯರ್ಸ್‌ಗೆ ಡಿಸ್ಟ್ರಿಕ್ಟ್ ಲೈನ್‌ನಲ್ಲಿ ಹೋಗುವ ನಮ್ಮ ಹುಡುಗರು ದಿನವೂ ಬ್ಯಾಝಲ್‌ಗೆಟ್ ಕಟ್ಟಿಸಿದ ದಂಡೆಯೊಳಗೇ ಸಾಗುತ್ತಾರೆ. ಆಲ್ಬರ್ಟ್ ಮತ್ತು ಚೆಲ್ಸೀ ದಂಡೆಗಳೂ ಸೇರಿ ನದಿಯಿಂದ 52 ಎಕರೆ ನೆಲ ಊರಿಗೆ ದಕ್ಕಿತು. ಪಟ್ನಿ, ಹ್ಯಾಮರ್‌ಸ್ಮಿತ್, ಬ್ಯಾಟರ್‌ಸೀ ಸೇತುವೆಗಳು, ಚೇರಿಂಗ್ ಕ್ರಾಸ್ ರೋಡ್, ಶಾಫ್ಟ್ಸ್‌ಬರಿ ಅವೆನ್ಯೂ ಕೂಡ ಅವರ ಕಾಲದ ಕೆಲಸಗಳೇ.

ಯೋಜನೆಯಲ್ಲಿ ಕೊರತೆಯೂ ಇತ್ತು. ಕೊಳಚೆ ಊರ ನಡುವಿನಿಂದ ದೂರವಾಯಿತೇ ಹೊರತು ಶುದ್ಧವಾಗಿರಲಿಲ್ಲ. ಬೆಕ್ಟನ್, ಕ್ರಾಸ್‌ನೆಸ್ ಸುತ್ತಲಿನ ಜನ ಅದರ ವಾಸನೆ ಉಣ್ಣಬೇಕಾಯಿತು. 1878ರ ಸೆಪ್ಟೆಂಬರ್ 3ರಂದು ಪ್ರಿನ್ಸೆಸ್ ಆಲಿಸ್ ಎಂಬ ವಿಹಾರದ ಹಡಗು ಆ ಭಾಗದಲ್ಲೇ ಕಲ್ಲಿದ್ದಲು ಹಡಗಿಗೆ ಡಿಕ್ಕಿಯಾಗಿ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಸ್ವಲ್ಪ ಹೊತ್ತಿನ ಮುಂಚೆ ಬಿಟ್ಟಿದ್ದ ಕೊಳಚೆಯ ನಡುವೆ ಅವರು ಮುಳುಗಿದ್ದರು. ಈ ದುರಂತದ ಬಳಿಕ ಟೀಕೆ ಜೋರಾಯಿತು. 1887ರಿಂದ ಗಸಿಯನ್ನು ಬೇರ್ಪಡಿಸಿ ಹಡಗಿನಲ್ಲಿ ಸಮುದ್ರಕ್ಕೆ ಸಾಗಿಸುವ ಏರ್ಪಾಟು ಬಂತು. ಮೊದಲ ಹಡಗಿಗೆ ಇಟ್ಟ ಹೆಸರು ಬ್ಯಾಝಲ್‌ಗೆಟ್.

ಕೊನೆಯ ವರ್ಷಗಳಲ್ಲಿ ಬೋರ್ಡ್ ಮೇಲೆ ಭ್ರಷ್ಟಾಚಾರದ ಆರೋಪ ಬಂತು. ಬ್ಯಾಝಲ್‌ಗೆಟ್ ಅವರಿಗೆ ಆ ಮಸಿ ತಗಲಲಿಲ್ಲ. 1889ರಲ್ಲಿ ಬೋರ್ಡ್ ರದ್ದಾಗಿ ಲಂಡನ್ ಕೌಂಟಿ ಕೌನ್ಸಿಲ್ ಬಂದಾಗ ನಿವೃತ್ತರಾದರು. ಅಷ್ಟರಲ್ಲಿ ಸರ್ ಪದವಿ ಸಿಕ್ಕಿತ್ತು, ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ ಅಧ್ಯಕ್ಷರೂ ಆಗಿದ್ದರು. 1891ರ ಮಾರ್ಚ್ 15ರಂದು ವಿಂಬಲ್ಡನ್‌ನ ಮನೆಯಲ್ಲಿ ತೀರಿಕೊಂಡರು. ಹನ್ನೊಂದು ಮಕ್ಕಳ ತಂದೆ, ವಯಸ್ಸು 71.

ನೋಡಬಯಸುವವರಿಗೆ

ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್‌ನಲ್ಲಿ, ನಾರ್ಥಂಬರ್‌ಲ್ಯಾಂಡ್ ಅವೆನ್ಯೂ ನದಿಯನ್ನು ಸೇರುವ ಕಡೆ ಅವರ ಎದೆಮಟ್ಟದ ಚಿಕ್ಕ ಪ್ರತಿಮೆ ಇದೆ. ಹುಡುಕಿ ನೋಡಬೇಕು. ಕ್ರಾಸ್‌ನೆಸ್ ಪಂಪ್‌ಹೌಸ್ ಈಗ ಮ್ಯೂಸಿಯಂ. ಬಣ್ಣ ಬಳಿದ ಕಬ್ಬಿಣದ ಕುಸುರಿಯ ನಡುವೆ ನಾಲ್ಕು ದೈತ್ಯ ಉಗಿಯಂತ್ರಗಳಿವೆ. ಈಸ್ಟ್ ಹ್ಯಾಮ್‌ಗೆ ದೋಸೆ ತಿನ್ನಲು ಹೋಗುವವರು ಹತ್ತಿರದ ಗ್ರೀನ್‌ವೇ ಎಂಬ ಎತ್ತರದ ಕಾಲುದಾರಿಯಲ್ಲಿ ಒಂದಿಷ್ಟು ನಡೆಯಬಹುದು. ಅದರಡಿ ಹರಿಯುತ್ತಿರುವುದು ಉತ್ತರ ಲಂಡನ್‌ನ ಮುಖ್ಯ ಒಳಚರಂಡಿ.

ಬ್ಯಾಝಲ್‌ಗೆಟ್ ಲೆಕ್ಕ ಹಾಕಿದ್ದು ಸುಮಾರು 34.5 ಲಕ್ಷ ಜನರಿಗೆ. ಇಂದಿನ ಲಂಡನ್‌ನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಜನರಿದ್ದಾರೆ. ಜೋರು ಮಳೆ ಬಂದಾಗ ಚರಂಡಿ ತುಂಬಿ ನದಿಗೆ ಉಕ್ಕುವುದನ್ನು ತಡೆಯಲು ಥೇಮ್ಸ್‌ನ ಅಡಿಯಲ್ಲಿ 25 ಕಿ.ಮೀ. ಉದ್ದದ ಹೊಸ ಸುರಂಗ ಕೊರೆದು 2025ರಲ್ಲಿ ಪೂರ್ಣವಾಗಿ ಜೋಡಿಸಿದರು. ಹಳೆಯದನ್ನು ಕಿತ್ತುಹಾಕಲಿಲ್ಲ. ಹೊಸ ಸುರಂಗ ಹಳೆಯದರ ಹೊರೆ ಇಳಿಸುತ್ತದೆ, ಅಷ್ಟೆ. ಆ ದರ್ಜಿಯ ಮೊಮ್ಮಗ ಹಾಕಿದ ಇಟ್ಟಿಗೆ ಕಮಾನಿನೊಳಗೆ ಊರಿನ ಕೊಳಚೆ ಇಂದೂ ಪೂರ್ವಕ್ಕೇ ಹರಿಯುತ್ತಿದೆ.