ರೋಗಿಗಳ ಪಾಲಕ ಸಂತ ದೇವರ ಯೊವಾನ್ನ



ಮಾರ್ಚ್ 8 ಸಂತ ದೇವರ ಯೊವಾನ್ನರ ಸ್ಮರಣೆಯ ದಿನ. ತಪಸ್ಸುಕಾಲದ ಉಪವಾಸ, ಶಿಲುಬೆಯ ಹಾದಿಗಳ ನಡುವೆ ಈ ಹಬ್ಬ ನಮ್ಮಲ್ಲಿ ಹೆಚ್ಚಾಗಿ ಸದ್ದಿಲ್ಲದೆ ಕಳೆದುಹೋಗುತ್ತದೆ. ಅವರು ಆಸ್ಪತ್ರೆಗಳ, ರೋಗಿಗಳ ಮತ್ತು ದಾದಿಯರ ಪಾಲಕ ಸಂತರೆಂಬುದು ನಮ್ಮಲ್ಲಿ ಹಲವರಿಗೆ ಗೊತ್ತು. ಆದರೆ ಅವರೇ ಒಮ್ಮೆ ಬುದ್ಧಿ ಕೆಟ್ಟವರ ಸಾಲಿನಲ್ಲಿ ಕಟ್ಟಿಸಿಕೊಂಡು ಚಾವಟಿಯ ಏಟು ತಿಂದಿದ್ದರೆಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಮನಸ್ಸಿನ ಕಾಯಿಲೆಯನ್ನು ಮನೆಯ ಒಳಕೋಣೆಯಲ್ಲಿ ಬಚ್ಚಿಡುವ ನಮಗೆ ಅವರ ಜೀವನದ ಈ ಭಾಗವೇ ಹೆಚ್ಚು ಬೇಕಾಗಿದೆ.

ಯೊವಾನ್ನರು ಹುಟ್ಟಿದ್ದು 1495ರಲ್ಲಿ, ಪೋರ್ಚುಗಲ್ ದೇಶದ ಮೊಂತೆಮೊರ್-ಒ-ನೋವೊ ಎಂಬ ಊರಿನಲ್ಲಿ. ಎಂಟನೆಯ ವಯಸ್ಸಿಗೇ ಮನೆ ಬಿಟ್ಟು, ಗಡಿ ದಾಟಿ, ಸ್ಪೇನಿನ ಒರೊಪೆಸಾ ಸೇರಿದರು. ಪರರ ಮನೆಯಲ್ಲಿ, ಪರಭಾಷೆಯ ನಡುವೆ, ಕುರಿ ಕಾಯುತ್ತಾ ಬೆಳೆದರು. ಮುಂದೆ ಸೈನಿಕರಾದರು. ಕಾವಲಿಗೆ ಒಪ್ಪಿಸಿದ್ದ ಮಾಲು ಕಳವಾದಾಗ ನೇಣಿನಿಂದ ಕೂದಲೆಳೆಯಲ್ಲಿ ಪಾರಾದರು. ಎಷ್ಟೋ ವರ್ಷಗಳ ಮೇಲೆ ಹುಟ್ಟೂರಿಗೆ ಹೋದರೆ ತಂದೆತಾಯಿ ಇಬ್ಬರೂ ತೀರಿಹೋಗಿದ್ದರು. ಆಮೇಲೆ ಆಫ್ರಿಕದ ಸೆಯುಟಾದಲ್ಲಿ ಕೋಟೆ ಕೆಲಸದ ಕೂಲಿಯಾಗಿ ದುಡಿದು, ಗಡಿಪಾರಾಗಿ ಬಂದಿದ್ದ ಒಂದು ಕುಟುಂಬವನ್ನು ಸಾಕಿದರು. ಕೊನೆಗೆ ಪುಸ್ತಕ, ಪವಿತ್ರ ಚಿತ್ರಪಟಗಳನ್ನು ಹೊತ್ತು ಮಾರುತ್ತಾ ಗ್ರನಾಡಾ ಪಟ್ಟಣಕ್ಕೆ ಬಂದು, ಎಲ್ವಿರಾ ಬಾಗಿಲ ಬಳಿ ಸಣ್ಣ ಅಂಗಡಿ ಇಟ್ಟರು. ಆಗ ಅವರಿಗೆ ನಲವತ್ತು ದಾಟಿತ್ತು.

ಒಂದು ಜನವರಿ 20ರಂದು, ಸಂತ ಸೆಬಾಸ್ಟಿಯನ್ನರ ಹಬ್ಬದ ದಿನ, ಅವಿಲಾದ ಯೊವಾನ್ನ ಎಂಬ ಗುರುಗಳ ಪ್ರಬೋಧನೆ ಕೇಳಿದರು. ಹಿಂದಿನ ಬದುಕಿನ ಪಾಪವೆಲ್ಲ ಒಮ್ಮೆಲೇ ಎದುರು ನಿಂತಂತಾಯಿತು. ಕೂಗುತ್ತಾ, ಕೂದಲು ಕೀಳುತ್ತಾ, ಕೆಸರಿನಲ್ಲಿ ಹೊರಳಾಡುತ್ತಾ ಬೀದಿಗಳಲ್ಲಿ ಅಲೆದರು. ಅಂಗಡಿಯಲ್ಲಿದ್ದ ಲೌಕಿಕ ಪುಸ್ತಕಗಳನ್ನು ಹರಿದು ಹಾಕಿ, ಉಳಿದದ್ದನ್ನೆಲ್ಲ ಹಂಚಿಬಿಟ್ಟರು. ಹುಡುಗರು ಕಲ್ಲೆಸೆದರು. ಕೊನೆಗೆ ಜನ ಅವರನ್ನು ಊರಿನ ರಾಜ ಆಸ್ಪತ್ರೆಗೆ ಸೇರಿಸಿದರು. ಕಟ್ಟಿಹಾಕಿ ಹೊಡೆಯುವುದೇ ಅಲ್ಲಿ ಅಂದಿನ ಚಿಕಿತ್ಸೆ. ಅದು ಕಾಯಿಲೆಯೋ, ಅತಿಯಾದ ಪಶ್ಚಾತ್ತಾಪವೋ, ಅವಮಾನ ಬೇಡಿ ತಾಳಿದ ವೇಷವೋ ಎಂದು ಚರಿತ್ರೆ ಬರೆದವರು ಬೇರೆ ಬೇರೆಯಾಗಿ ಹೇಳಿದ್ದಾರೆ. ಐದು ಶತಮಾನಗಳ ಈಚೆ ಕುಳಿತು ನಾವು ಅದಕ್ಕೊಂದು ರೋಗದ ಹೆಸರು ಹಚ್ಚುವುದು ಬೇಡ. ಅವರು ಪಟ್ಟ ನೋವಂತೂ ನಿಜ, ಮೈಮೇಲೆ ಬಿದ್ದ ಏಟೂ ನಿಜ.

ಆ ಏಟುಗಳಿಂದ ಅವರು ಚೇತರಿಸಲಿಲ್ಲ. ಎಲ್ಲರೂ ದೂರ ಸರಿದಾಗ ಅವಿಲಾದ ಯೊವಾನ್ನರು ಅವರನ್ನು ಕೈಬಿಡಲಿಲ್ಲ. ಸಾಂತ್ವನ ಹೇಳಿದರು, ದಾರಿ ತೋರಿದರು. ತನ್ನನ್ನು ತಾನೇ ದಂಡಿಸಿಕೊಳ್ಳುತ್ತಿದ್ದ ಆ ಕಾವು ಮೆಲ್ಲನೆ ಇತರರ ಸೇವೆಯ ಕಡೆಗೆ ತಿರುಗಿತು. ಆಸ್ಪತ್ರೆಯಲ್ಲಿದ್ದಾಗಲೇ ಅವರು ಪಕ್ಕದ ರೋಗಿಗಳ ಆರೈಕೆಗೆ ನಿಂತರು. ಬಿಡುಗಡೆಯಾದ ಮೇಲೆ ಗ್ವಾದಲೂಪೆ ಮಾತೆಯ ಪುಣ್ಯಕ್ಷೇತ್ರಕ್ಕೆ ಯಾತ್ರೆ ಹೋಗಿ ಬಂದರು. ಸೌದೆ ಹೊರೆ ಮಾರಿ ಬಂದ ಕಾಸಿನಿಂದ ಬಡವರಿಗೆ ಉಣಿಸಿದರು. 1539ರ ಸುಮಾರಿಗೆ ಒಂದು ಮನೆಯನ್ನು ಬಾಡಿಗೆಗೆ ಹಿಡಿದು ರೋಗಿಗಳನ್ನು ಸೇರಿಸತೊಡಗಿದರು.

ಅಲ್ಲಿ ಒಬ್ಬ ರೋಗಿಗೆ ಒಂದು ಹಾಸಿಗೆ, ಕಾಯಿಲೆಗೆ ತಕ್ಕಂತೆ ಬೇರೆ ಬೇರೆ ಸಾಲು. ಇಬ್ಬರು ಮೂವರನ್ನು ಒಂದೇ ಹಾಸಿಗೆಯಲ್ಲಿ ಮಲಗಿಸುತ್ತಿದ್ದ ಕಾಲದಲ್ಲಿ ಇದು ದೊಡ್ಡ ಮಾತು. ಹಗಲೆಲ್ಲ ಗುಡಿಸುವುದು, ನೀರು ಹೊರುವುದು, ಹುಣ್ಣು ತೊಳೆಯುವುದು. ಕತ್ತಲಾದ ಮೇಲೆ ಬೆನ್ನಿಗೆ ಬುಟ್ಟಿ, ಹೆಗಲಿನಿಂದ ಎರಡು ಮಡಕೆ ಇಳಿಬಿಟ್ಟು ಬೀದಿ ಬೀದಿಯಲ್ಲಿ ಭಿಕ್ಷೆ. ದಾನ ಮಾಡುವವರು ತಮಗೇ ಒಳಿತು ಮಾಡಿಕೊಳ್ಳುತ್ತಾರೆಂದು ಅವರು ಸಾರುತ್ತಿದ್ದರು.

ಅವರ ಸ್ವಭಾವದ ಅತಿರೇಕ ಪೂರ್ತಿ ಹೋಗಿರಲಿಲ್ಲ. ಉಟ್ಟ ಬಟ್ಟೆಯನ್ನೂ ಭಿಕ್ಷುಕರಿಗೆ ಕೊಟ್ಟು ಅವರ ಚಿಂದಿ ತೊಡುತ್ತಿದ್ದರು. ಸಾಲ ತಲೆಯ ಮೇಲೆ ಏರುತ್ತಿತ್ತು. ತೂಯ್ ಪಟ್ಟಣದ ಧರ್ಮಾಧ್ಯಕ್ಷರು ಒಂದು ನಿಲುವಂಗಿ ಹೊಲಿಸಿ, ಅದನ್ನು ಯಾರಿಗೂ ಕೊಡಬಾರದೆಂದು ವಿಧಿಸಿದರು. ದೇವರ ಯೊವಾನ್ನ ಎಂಬ ಹೆಸರನ್ನೂ ಅವರೇ ಇಟ್ಟರು. ಅವಿಲಾದ ಯೊವಾನ್ನರು ಪತ್ರ ಬರೆದು, ಆತ್ಮಗುರುವಿನ ಮಾತು ಮೀರದೆ ನಡೆಯುವಂತೆ ತಿದ್ದಿದರು. ಸಂತರು ಅದಕ್ಕೆ ತಲೆಬಾಗಿದರು. ತಮ್ಮ ಮನಸ್ಸನ್ನು ತಾವೊಬ್ಬರೇ ಆಳಬಲ್ಲೆವೆಂದು ಅವರು ಹಟ ಹಿಡಿಯಲಿಲ್ಲ. ಸಹೋದರನ ಕೊಲೆಗೆ ಸೇಡು ತೀರಿಸಲು ಬಂದಿದ್ದ ಅಂತೋನ್ ಮಾರ್ತಿನ್ ಮತ್ತು ಆ ಕೊಲೆಯ ಆರೋಪ ಹೊತ್ತ ಪೆದ್ರೊ ವೆಲಾಸ್ಕೊ ಇಬ್ಬರೂ ಅವರ ಮುಂದೆ ರಾಜಿಯಾಗಿ, ಅವರ ಜೊತೆಗಾರರಾದರು.

1549ರಲ್ಲಿ ರಾಜ ಆಸ್ಪತ್ರೆಗೆ ಬೆಂಕಿ ಬಿತ್ತು. ತಮ್ಮನ್ನು ಕಟ್ಟಿ ಹೊಡೆದಿದ್ದ ಅದೇ ಕಟ್ಟಡಕ್ಕೆ ನುಗ್ಗಿ ಯೊವಾನ್ನರು ರೋಗಿಗಳನ್ನು ಹೊತ್ತು ಹೊರತಂದರು. ಮರು ಚಳಿಗಾಲದಲ್ಲಿ ಹೆನಿಲ್ ನದಿಯ ಪ್ರವಾಹಕ್ಕೆ ಇಳಿದು ಕಾಯಿಲೆ ಬಿದ್ದು, 1550ರ ಮಾರ್ಚ್ 8ರಂದು ಮೊಣಕಾಲೂರಿ ಪ್ರಾರ್ಥಿಸುತ್ತಲೇ ಪ್ರಾಣ ಬಿಟ್ಟರು. 1690ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ಅವರ ಸಭೆಯ ಸಹೋದರರು ಅನೇಕ ದೇಶಗಳಲ್ಲಿ ಮನೋರೋಗಿಗಳ ಸೇವೆಯನ್ನು ತಮ್ಮ ಮುಖ್ಯ ಕೆಲಸವಾಗಿಸಿಕೊಂಡರು. ಕೇರಳದ ಕಟ್ಟಪ್ಪನದಲ್ಲೂ ಅವರ ಆಸ್ಪತ್ರೆ ಇದೆ.

ಈಗ ನಮ್ಮ ಮಾತು. ಬೈಪೋಲಾರ್ ಎಂಬ ಕಾಯಿಲೆಯಲ್ಲಿ ಮನಸ್ಸು ಕೆಲವು ಕಾಲ ಅತಿಯಾಗಿ ಏರುತ್ತದೆ: ನಿದ್ದೆ ಬೇಡ, ಮಾತು ನಿಲ್ಲದು, ಹಣ ನೀರಾಗುತ್ತದೆ. ಮತ್ತೆ ಕೆಲವು ಕಾಲ ಹಾಸಿಗೆ ಬಿಟ್ಟು ಏಳಲಾಗದಷ್ಟು ಕುಸಿಯುತ್ತದೆ. ಇದು ದೆವ್ವದ ಕಾಟವಲ್ಲ, ವಿಶ್ವಾಸದ ಕೊರತೆಯೂ ಅಲ್ಲ. ಮನೋವೈದ್ಯರು ಕೊಡುವ ಮಾತ್ರೆಯನ್ನು ಬಿಡದೆ ತೆಗೆದುಕೊಂಡು, ಹೊತ್ತಿಗೆ ಸರಿಯಾಗಿ ಉಂಡು ಮಲಗಿ, ಕುಡಿತದಿಂದ ದೂರವಿದ್ದು, ನಿತ್ಯ ಒಂದಿಷ್ಟು ಕೆಲಸ, ನಡಿಗೆ ಇಟ್ಟುಕೊಂಡವರು ಎಲ್ಲರಂತೆ ಬಾಳಬಲ್ಲರು. ಜಪಸರ, ಪರಮಪ್ರಸಾದ ಅವರಿಗೆ ಬಲ. ಆದರೆ ಪ್ರಾರ್ಥನೆ ಸಾಕು, ಮಾತ್ರೆ ನಿಲ್ಲಿಸು ಎಂದು ನಾವು ಯಾರಿಗೂ ಹೇಳಬಾರದು.

ಹಲವು ಭಾಷೆಯ ಈ ಧರ್ಮಕ್ಷೇತ್ರದಲ್ಲಿ ಕನ್ನಡದವರಿಗೆ ಇನ್ನೊಂದು ತೊಡಕೂ ಇದೆ. ಮನಸ್ಸಿನ ನೋವನ್ನು ವೈದ್ಯರ ಮುಂದೆ ಬೇರೆ ಭಾಷೆಯಲ್ಲಿ ಬಿಡಿಸಿ ಹೇಳುವುದು ಸುಲಭವಲ್ಲ. ಎರಡೂ ಭಾಷೆ ಬಲ್ಲವರು ಜೊತೆಗೆ ಹೋಗಿ ಪಕ್ಕದಲ್ಲಿ ಕುಳಿತರೆ ಅದೇ ಒಂದು ಸೇವೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪೂಜೆಗೆ ಬರುವುದನ್ನು ನಿಲ್ಲಿಸಿದ ಮನೆಯವರನ್ನು ಈ ವಾರ ಹೋಗಿ ಕಾಣೋಣ. ಏನಾಯಿತೆಂದು ಕೆದಕುವುದು ಬೇಡ. ಒಂದಿಷ್ಟು ಹೊತ್ತು ಕುಳಿತು, ಮುಂದಿನ ಭಾನುವಾರ ಜೊತೆಯಲ್ಲೇ ಹೋಗೋಣ ಎಂದು ಕರೆದು ಬರೋಣ.

ಸಂತ ದೇವರ ಯೊವಾನ್ನರೇ, ನಮಗಾಗಿ ಪ್ರಾರ್ಥಿಸಿರಿ.