ಸೈಂಧವ ಉಪ್ಪಿನ ವಯಸ್ಸು ಹುಡುಕಿ ಹೊರಟ ಬೀರಬಲ್ ಸಾಹ್ನಿ

ನವದೆಹಲಿ, ನವೆಂಬರ್ 14: ಇಂದು ಮಕ್ಕಳ ದಿನಾಚರಣೆ, ನೆಹರೂ ಜನ್ಮದಿನ. ಇದೇ ದಿನ, ನೆಹರೂ ಹುಟ್ಟಿ ಎರಡು ವರ್ಷಕ್ಕೆ, ಅಂದರೆ 1891ರಲ್ಲಿ ಪಂಜಾಬಿನ ಭೇರಾ ಎಂಬ ಊರಿನಲ್ಲಿ ಬೀರಬಲ್ ಸಾಹ್ನಿ ಹುಟ್ಟಿದರು. ಭಾರತದಲ್ಲಿ ಸಸ್ಯ ಪಳೆಯುಳಿಕೆಗಳ ಅಧ್ಯಯನಕ್ಕೆ ಬುನಾದಿ ಹಾಕಿದ ವಿಜ್ಞಾನಿ ಅವರು. ಅವರ ಹೆಸರು ಎಲ್ಲರಿಗೂ ನೆನಪಿರಲಿಕ್ಕಿಲ್ಲ. ಆದರೆ ಅವರು ವರ್ಷಗಟ್ಟಲೆ ತಲೆಕೆಡಿಸಿಕೊಂಡ ವಸ್ತು ನಮ್ಮ ಅಡುಗೆಮನೆಯಲ್ಲೇ ಇದೆ. ಅದು ಸೈಂಧವ ಉಪ್ಪು.

ಭೇರಾ ಈಗ ಪಾಕಿಸ್ತಾನದಲ್ಲಿದೆ. ಅಲ್ಲಿಂದ ಝೇಲಂ ನದಿ ದಾಟಿದರೆ ಉಪ್ಪಿನ ಬೆಟ್ಟಗಳ ಸಾಲು, ಅದರೊಳಗೆ ಖೇವ್ರಾ ಗಣಿ. ತಂದೆ ರುಚಿರಾಮ್ ಸಾಹ್ನಿ ಲಾಹೋರಿನಲ್ಲಿ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಮಕ್ಕಳನ್ನು ರಜೆಯಲ್ಲಿ ಹಿಮಾಲಯದ ಕಾಲುದಾರಿಗಳಲ್ಲಿ ನಡೆಸಿದವರು. ಕಲ್ಲು, ಗಿಡ ಆರಿಸುವ ಚಾಳಿ ಮಗನಿಗೆ ಅಲ್ಲಿಂದಲೇ ಬಂತು. ಕೇಂಬ್ರಿಡ್ಜ್‌ನಲ್ಲಿ ಓದಿ ಮರಳಿದ ಅವರು 1921ರಲ್ಲಿ ಲಖನೌ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. 1936ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋ ಗೌರವ ಸಿಕ್ಕಿತು.

ಅದೇ ವರ್ಷದ ಮಾರ್ಚ್‌ನಲ್ಲಿ ಅವರು ದೆಹಲಿಯಿಂದ ಸುಮಾರು 70 ಕಿ.ಮೀ. ದೂರದ ರೋಹ್ಟಕ್‌ನಲ್ಲಿದ್ದರು. ಇಂದು ರಾಷ್ಟ್ರ ರಾಜಧಾನಿ ವಲಯಕ್ಕೆ ಸೇರಿರುವ ಈ ಊರಿನ ಖೋಖ್ರಾ ಕೋಟ್ ದಿಬ್ಬದಲ್ಲಿ ಸುಟ್ಟ ಮಣ್ಣಿನ ಚೂರುಗಳು ಅವರ ಕಣ್ಣಿಗೆ ಬಿದ್ದವು. ನೋಡಿದರೆ ಅವು ಸುಮಾರು 2,000 ವರ್ಷ ಹಿಂದೆ ಯೌಧೇಯರು ನಾಣ್ಯ ಎರಕ ಹೊಯ್ಯಲು ಬಳಸಿದ ಅಚ್ಚುಗಳು! ಸಸ್ಯಶಾಸ್ತ್ರಜ್ಞನಿಗೆ ನಾಣ್ಯದ ಗೊಡವೆ ಏಕೆ ಎಂದು ಅವರು ಬಿಟ್ಟುಬಿಡಲಿಲ್ಲ. ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ, ಕರಗಿದ ಲೋಹ ಯಾವ ದಾರಿಯಲ್ಲಿ ಹರಿಯುತ್ತಿತ್ತು ಎಂಬುದನ್ನು ಬಿಡಿಸಿದರು. ಪ್ರಾಚೀನ ಭಾರತದ ನಾಣ್ಯ ಎರಕದ ಬಗ್ಗೆ 1945ರಲ್ಲಿ ಬಂದ ಅವರ ಪುಸ್ತಕ ಇತಿಹಾಸಕಾರರ ಮೆಚ್ಚುಗೆ ಗಳಿಸಿತು.

ಚೂರಿನಿಂದ ಇಡೀ ಕಾಲವನ್ನು ಕಟ್ಟುವುದೇ ಅವರ ಕಸುಬು. ಕಲ್ಲಿನ ವಿಷಯದಲ್ಲೂ ಅಷ್ಟೇ.

ಸೂಕ್ಷ್ಮ ಪಳೆಯುಳಿಕೆ ಎಂಬ ಗಡಿಯಾರ

ಸಮುದ್ರದಲ್ಲಿ ಡಯಾಟಮ್ ಎಂಬ ಏಕಕೋಶ ಪಾಚಿಗಳಿವೆ. ಗಾಜಿನಂಥ ಸಿಲಿಕಾ ಚಿಪ್ಪು ಅವುಗಳದ್ದು. ಸತ್ತಾಗ ಚಿಪ್ಪು ತಳಕ್ಕಿಳಿದು ಕೆಸರಿನಲ್ಲಿ ಹೂತುಹೋಗುತ್ತದೆ. ಒಂದೊಂದು ಜಾತಿ ಒಂದು ಕಾಲದಲ್ಲಿ ಹುಟ್ಟಿ ಇನ್ನೊಂದು ಕಾಲದಲ್ಲಿ ಅಳಿದಿರುವುದರಿಂದ, ಪದರದಲ್ಲಿ ಯಾವ ಜಾತಿ ಇದೆ ಎಂದು ನೋಡಿ ಅದರ ವಯಸ್ಸು ಹೇಳಬಹುದು. ನೀರು ಸಿಹಿಯೋ ಉಪ್ಪೋ, ತಣ್ಣಗಿತ್ತೋ ಬೆಚ್ಚಗಿತ್ತೋ ಎಂಬುದೂ ತಿಳಿಯುತ್ತದೆ. ಪರಾಗ, ಮರದ ನಾರು, ಬೇರೆ ಪಾಚಿಗಳಿಗೂ ಇದೇ ತರ್ಕ. ಆದರೆ ಒಂದು ಷರತ್ತು: ಆ ಚೂರು ಪದರದ ಜೊತೆಗೇ ಹೂತಿರಬೇಕು, ಆಮೇಲೆ ಎಲ್ಲಿಂದಲೋ ನುಸುಳಿರಬಾರದು.

ದಖನ್ನಿನ ಲಾವಾ ಪದರಗಳ ವಿಷಯದಲ್ಲಿ ಈ ತರ್ಕ ಸಾಹ್ನಿಯವರ ಕೈಹಿಡಿಯಿತು. ಅವು ಡೈನೋಸಾರ್‌ಗಳ ಕಾಲದವು ಎಂದು ಹಲವರು ನಂಬಿದ್ದಾಗ, ಲಾವಾ ನಡುವಿನ ಕೆಸರಿನಲ್ಲಿ ಸಿಕ್ಕ ತಾಳೆ ಜಾತಿಯ ಮರಗಳನ್ನು ನೋಡಿ ಅವರು ಇನ್ನೂ ಈಚಿನ ಕಾಲ ಎಂದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಲ್. ರಾಮರಾವ್ ಮತ್ತು ಸಂಗಡಿಗರೂ ರಾಜಮಂಡ್ರಿಯ ಪಾಚಿ ಪಳೆಯುಳಿಕೆಗಳಿಂದ ಅದೇ ಕಡೆಗೆ ಬಂದಿದ್ದರು. ಇಂದಿನ ಲೆಕ್ಕ ಸುಮಾರು 6.6 ಕೋಟಿ ವರ್ಷ, ಎರಡೂ ಕಾಲಗಳ ಗಡಿ. ಇಬ್ಬರೂ ಗುರಿಯ ಹತ್ತಿರವೇ ಇದ್ದರು.

ಉಪ್ಪು ಮಾತ್ರ ಮೋಸ ಮಾಡಿತು

ಖೇವ್ರಾ ಉಪ್ಪು ಹಳೆಯ ಸಮುದ್ರವೊಂದು ಬತ್ತಿ ಉಳಿದ ಪದರ. ಅದರ ಮೇಲಿರುವ ಬಂಡೆಗಳಲ್ಲಿ 50 ಕೋಟಿ ವರ್ಷಕ್ಕೂ ಹಿಂದಿನ ಕೇಂಬ್ರಿಯನ್ ಜೀವಿಗಳಿವೆ. ಹಾಗಾದರೆ ಉಪ್ಪು ಅದಕ್ಕಿಂತ ಹಳೆಯದಿರಬೇಕಲ್ಲ? ಸಾಹ್ನಿ ಉಪ್ಪನ್ನು, ಅದರ ಜೊತೆಗಿನ ಜೇಡಿ ಮತ್ತು ಎಣ್ಣೆಕಲ್ಲನ್ನು ಎಚ್ಚರದಿಂದ ಸಂಸ್ಕರಿಸಿ ಸೂಕ್ಷ್ಮದರ್ಶಕದಡಿ ಇಟ್ಟರು. ಹೂ ಬಿಡುವ ಮರಗಳ ನಾರು, ಕೀಟಗಳ ತುಣುಕು ಕಂಡವು. ಕೇಂಬ್ರಿಯನ್ ಕಾಲದಲ್ಲಿ ಅಂಥ ಮರವೂ ಇಲ್ಲ, ಕೀಟವೂ ಇಲ್ಲ. ಹಾಗಾಗಿ ಉಪ್ಪು ಸುಮಾರು 5 ಕೋಟಿ ವರ್ಷ ಹಿಂದಿನ ಇಯೋಸೀನ್ ಕಾಲದ್ದು, ಹಳೆಯ ಬಂಡೆಗಳು ಆಮೇಲೆ ಜಾರಿ ಅದರ ಮೇಲೆ ಬಂದಿವೆ ಎಂದು ಅವರು ವಾದಿಸಿದರು.

1944 ಮತ್ತು 1945ರಲ್ಲಿ ಇದಕ್ಕೆಂದೇ ವಿಚಾರ ಸಂಕಿರಣಗಳು ನಡೆದವು. ಆ ಬೆಟ್ಟಗಳನ್ನು ವರ್ಷಗಟ್ಟಲೆ ಅಳೆದಿದ್ದ ಭೂವಿಜ್ಞಾನಿ ಇ.ಆರ್. ಜೀ ಮೊದಲು ಇಯೋಸೀನ್ ಪಕ್ಷದಲ್ಲಿದ್ದವರು, ಕೊನೆಗೆ ಕೇಂಬ್ರಿಯನ್ ಕಡೆ ವಾಲಿದರು. ಸಾಹ್ನಿ ತಮ್ಮ ವಾದದಲ್ಲೇ ನಿಂತರು. ಹಟ ಎನ್ನಬಹುದು, ಆದರೆ ಕಣ್ಣಾರೆ ಕಂಡದ್ದನ್ನು ಅಲ್ಲಗಳೆಯುವುದು ಯಾರಿಗೂ ಸುಲಭವಲ್ಲ.

ಪಂಜಾಬಿನ ಬಯಲಿನಲ್ಲಿ, ಬಂಡೆ ಜಾರಿದ ಕುರುಹೇ ಇಲ್ಲದ ಕಡೆ, ಆಮೇಲೆ ಬಾವಿ ಕೊರೆದಾಗ ಕೇಂಬ್ರಿಯನ್ ಪದರಗಳ ಕೆಳಗೆ ಅದೇ ಉಪ್ಪು ಸಿಕ್ಕಿತು. ಉಪ್ಪಿಗೆ 50 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು ಎಂಬುದು ಈಗ ಒಪ್ಪಿತ. ನೀರಿಗೆ ಕರಗಿ ಮತ್ತೆ ಹರಳಾಗುವ ಉಪ್ಪು ಈಚಿನ ಕಸವನ್ನೂ ಒಳಗೆ ಸೇರಿಸಿಕೊಂಡಿತ್ತು. ಹಳೆಯ ಡಯಾಟಮ್‌ಗಳ ನಡುವೆ ಹೊಸದು ಬೆರೆತಿದೆಯೇ ಎಂದು ಇಂದಿನ ಸಂಶೋಧಕರು ಪರೀಕ್ಷಿಸುವುದೂ ಇದೇ ಭಯದಿಂದ.

ಆ ತೀರ್ಪು ಬರುವಾಗ ಸಾಹ್ನಿ ಇರಲಿಲ್ಲ. ಸ್ವಾತಂತ್ರ್ಯದ ಹೊತ್ತಿಗೆ ದೆಹಲಿಯಿಂದ ಮೌಲಾನಾ ಆಜಾದ್ ಶಿಕ್ಷಣ ಇಲಾಖೆಯ ಕಾರ್ಯದರ್ಶಿ ಹುದ್ದೆ ನೀಡಲು ಮುಂದಾದಾಗ, ಲಖನೌದಲ್ಲಿ ತಾವು ಕಟ್ಟುತ್ತಿದ್ದ ಪಳೆಯುಳಿಕೆ ಸಂಸ್ಥೆಗಾಗಿ ಅವರು ಬೇಡವೆಂದಿದ್ದರು. 1949ರ ಏಪ್ರಿಲ್ 3ರಂದು ನೆಹರೂ ಅದಕ್ಕೆ ಅಡಿಗಲ್ಲು ಇಟ್ಟರು. ಪಳೆಯುಳಿಕೆಗಳನ್ನು ಕೂರಿಸಿ ಆ ಕಲ್ಲನ್ನು ಸಿದ್ಧಪಡಿಸಿದವರು ಸ್ವತಃ ಸಾಹ್ನಿ. ಒಂದು ವಾರಕ್ಕೆ, ಏಪ್ರಿಲ್ 10ರಂದು, ಹೃದಯಾಘಾತದಿಂದ ತೀರಿಕೊಂಡರು. ಸಂಸ್ಥೆಯ ಹೊಣೆಯನ್ನು ಪತ್ನಿ ಸಾವಿತ್ರಿ ಸಾಹ್ನಿ ಹೊತ್ತರು. ಇಂದು ಅವರ ಹೆಸರಿನಲ್ಲಿರುವ ಆ ಸಂಸ್ಥೆಯಲ್ಲಿ ಡಯಾಟಮ್‌ಗಳ ಅಧ್ಯಯನವೂ ನಡೆಯುತ್ತಿದೆ.