ಪಂಡಿತಾ ರಮಾಬಾಯಿಯವರ ಚರಿತ್ರೆ

ಶಿಕಾರಿಪುರದ ಕುಮುದ್ವತಿಯ ನೀರೂ ಸೊರಬದ ದಂಡಾವತಿಯ ನೀರೂ ಕಡೆಗೆ ತುಂಗಭದ್ರೆಯನ್ನೇ ಸೇರುವವು. ಆ ನದಿಯ ಉಗಮಸ್ಥಾನವಾದ ಗಂಗಾಮೂಲದ ಕಾಡಿನಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ಹುಟ್ಟಿದ ಒಬ್ಬ ತಾಯಿಯ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ. ಗಂಡನಿಲ್ಲದೆ ಮಕ್ಕಳನ್ನು ಸಾಕುವ ಸಹೋದರಿಯರು ನಮ್ಮ ಸಭೆಗಳಲ್ಲಿಯೂ ಉಂಟಷ್ಟೆ.

ರಮಾಬಾಯಿಯವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆಯವರು ಲೋಕರೂಢಿಯನ್ನು ಮೀರಿ ತಮ್ಮ ಹೆಂಡತಿಗೆ ಸಂಸ್ಕೃತ ಕಲಿಸಿದರು. ಆ ತಾಯಿಯು ಮಗಳಿಗೆ ಕಲಿಸಿದಳು. ಹಣವೆಲ್ಲ ತೀರಿ, ಊರೂರು ತಿರುಗಿ ಪುರಾಣ ಹೇಳಿ ಜೀವಿಸುತ್ತಿರಲಾಗಿ, 1874ರಲ್ಲಿ ಬರದ ಹಸಿವೆಯಿಂದ ತಂದೆತಾಯಿಗಳಿಬ್ಬರೂ ತೀರಿಹೋದರು. ಆಕೆಗೆ ಉಳಿದ ಆಸ್ತಿಯು ವಿದ್ಯೆಯೊಂದೇ. ಆ ವಿದ್ಯೆಗಾಗಿ 1878ರಲ್ಲಿ ಕಲ್ಕತ್ತೆಯ ಪಂಡಿತರು ಆಕೆಯನ್ನು ಬಿರುದುಕೊಟ್ಟು ಸನ್ಮಾನಿಸಿದರು.

1880ರಲ್ಲಿ ಬಂಗಾಳದ ವಕೀಲನಾದ ಬಿಪಿನ್ ಬಿಹಾರಿ ದಾಸನೊಡನೆ ವಿವಾಹವಾಯಿತು. ಎರಡು ವರುಷ ತುಂಬುವುದರೊಳಗೆ ಗಂಡನು ವಾಂತಿಭೇದಿಯಿಂದ ಸತ್ತನು. ಆಗ ಮಗಳು ಮನೋರಮೆಯು ಇನ್ನೂ ವರುಷ ತುಂಬದ ಕೂಸು. ತಾಯಿಗೆ ಇಪ್ಪತ್ತಮೂರು ವಯಸ್ಸು.

ಆಕೆಯು ಯಾರ ಹಂಗಿನ ಮೂಲೆಯಲ್ಲಿಯೂ ಕೂಡ್ರಲಿಲ್ಲ. ಪುಣೆಗೆ ಬಂದು ಸ್ತ್ರೀಯರ ನಡತೆಯ ವಿಷಯದಲ್ಲಿ ಮರಾಠಿಯಲ್ಲಿ ಒಂದು ಪುಸ್ತಕ ಬರೆದಳು. ಅದರ ಮಾರಾಟದ ಹಣದಿಂದಲೇ 1883ರಲ್ಲಿ ಕೂಸಿನೊಡನೆ ಹಡಗನ್ನೇರಿ ಇಂಗ್ಲೆಂಡಿಗೆ ಹೋದಳು. ಅದೇ ವರುಷ ಸೆಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿಮಗಳಿಬ್ಬರೂ ದೀಕ್ಷಾಸ್ನಾನ ಹೊಂದಿದರು. ಬಳಿಕ ಚೆಲ್ಟನ್‌ಹ್ಯಾಮಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ತಾನು ಕಲಿಯುತ್ತ ಸಂಸ್ಕೃತವನ್ನು ಕಲಿಸಿದಳು. 1886ರಲ್ಲಿ ಅಮೆರಿಕಕ್ಕೆ ಹೋದ ಮೇಲೆ ಎಳೆಯ ಮಗಳನ್ನು ಇಂಗ್ಲೆಂಡಿನ ಸಹೋದರಿಯರ ಬಳಿಗೆ ಕಳುಹಿಸಿ ಕೆಲಕಾಲ ಅಗಲಿರಬೇಕಾಯಿತು. ದುಡಿಯುವ ತಾಯಿಯು ತೆರುವ ಈ ಬೆಲೆಯನ್ನು ನಾವು ಮರೆಮಾಡಬಾರದು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವೆಂಬ ವಿಧವೆಯರ ಶಾಲೆಯನ್ನು ತೆರೆದಳು. ಅಮೆರಿಕದ ಸ್ನೇಹಿತರು ಹತ್ತು ವರುಷದ ಮಟ್ಟಿಗೆ ಹಣ ಕೊಡುವೆವೆಂದು ಮಾತುಕೊಟ್ಟಿದ್ದರು. ಹನ್ನೊಂದನೆಯ ವರುಷ ಉಣ್ಣುವುದೇನು? ಇದನ್ನು ಮುಂಚೆಯೇ ಯೋಚಿಸಿ ಆಕೆಯು ಪುಣೆಯ ಬಳಿಯ ಕೇಡಗಾವಿನಲ್ಲಿ ಹೊಲವನ್ನು ಕೊಂಡು, ಬಾವಿ ತೋಡಿಸಿ, ಹಣ್ಣಿನ ಗಿಡ ನೆಡಿಸಿದಳು. 1896ರ ಬರಗಾಲದಲ್ಲಿ ಅನಾಥರಾದ ಹೆಣ್ಣುಮಕ್ಕಳಿಗೆ ಅದೇ ಹೊಲವು ಆಶ್ರಯವಾಯಿತು. ಅದೇ ಮುಕ್ತಿ ಸದನ. ಅಲ್ಲಿ ಅವರಿಗೆ ಊಟದೊಂದಿಗೆ ಓದುಬರಹ, ಬೇಸಾಯ, ನೇಯ್ಗೆ, ಹೊಲಿಗೆ, ಅಚ್ಚುಕೂಟದ ಕೆಲಸ ಇವುಗಳನ್ನೂ ಕಲಿಸಲಾಯಿತು. ಆಕೆಯು ಮಾಡಿದ ಮರಾಠಿ ಸತ್ಯವೇದದ ಭಾಷಾಂತರವು ಆ ಹೆಣ್ಣುಮಕ್ಕಳ ಕೈಯಿಂದಲೇ ಅಚ್ಚಾಯಿತು. ಮನೋರಮೆಯು ಬೆಳೆದು ತಾಯಿಗೆ ಬಲಗೈಯಾದಳು. ಈಗಿನ ಕಲಬುರಗಿಯಲ್ಲಿ ಶಾಲೆಯನ್ನೂ ನಡಿಸಿದಳು. ಆದರೆ 1921ರಲ್ಲಿ ಮಗಳೇ ಮೊದಲು ತೀರಿಕೊಂಡಳು. ತಾಯಿಯು 1922ನೆಯ ಏಪ್ರಿಲ್ 5ರಂದು ಕರ್ತನಲ್ಲಿ ನಿದ್ರೆಹೋದಳು.

ಸಭೆಯ ಹಿರಿಯರೇ, ರಮಾಬಾಯಿಯವರೂ ಪರರ ಸಹಾಯವನ್ನು ಹೊಂದಿದರು. ಆದರೆ ಆ ಸಹಾಯವನ್ನು ಹೊಲವನ್ನಾಗಿಯೂ ಕಸುಬನ್ನಾಗಿಯೂ ಮಾಡಿದರು. ಅಡಿಕೆ ಸುಲಿದು, ನಾಟಿ ಮಾಡಿ ಮಕ್ಕಳನ್ನು ಸಾಕುವ ವಿಧವೆಗೆ ನಾವು ಹಬ್ಬದ ದಿನ ಒಂದು ಸೇರು ಅಕ್ಕಿ ಅಳೆದುಕೊಟ್ಟು ಸುಮ್ಮನಾಗುತ್ತೇವೆ. ಈ ವರುಷ ಆಕೆಗೆ ಒಂದು ಹಸುವನ್ನೋ ಹೊಲಿಗೆಯ ಯಂತ್ರವನ್ನೋ ಕೊಡಿಸೋಣ; ಆಕೆಯ ಮಗಳನ್ನು ಶಾಲೆ ಬಿಡಿಸದಿರೋಣ. ವಿಧವೆಯರ ದೇವರು ನಮಗೆ ಆ ಮನಸ್ಸನ್ನು ಕೊಡಲಿ.